ಮೇಜಿನ ಕಾಲಡಿಯ ಶಿವಲಿಂಗಯ್ಯ

ಧಾರವಾಡದ ನಮ್ಮ ಮನೆಯ ಊಟದ ಮೇಜು ಮತ್ತೆ ಅಲ್ಲಾಡುತ್ತಿದೆಯಂತೆ. ಸಾರಿನ ಪಾತ್ರೆ ಇಟ್ಟರೆ ಸಾರು ಒಂದು ಕಡೆಗೆ ವಾಲುತ್ತದಂತೆ, ಚಪಾತಿ ಲಟ್ಟಿಸಲು ಹೋದರೆ ಮೇಜೇ ಕುಣಿಯುತ್ತದಂತೆ. ನನ್ನ ಹೆಂಡತಿ ಸರೋಜ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನ್ ಮಾಡಿ ಈ ವರದಿ ಒಪ್ಪಿಸುತ್ತಾಳೆ. ತಪ್ಪು ನನ್ನದೇ. ಆ ಮೇಜಿನ ಒಂದು ಕಾಲಿನಡಿಗೆ ಏಳು ತಿಂಗಳಿಂದ ಭದ್ರವಾಗಿ ಕೂತಿದ್ದ ದಪ್ಪ ಕಾಗದವನ್ನು ನಾನೇ ಫೋನಿನಲ್ಲಿ ಹೇಳಿ ತೆಗೆಸಿದೆ. ಅದೊಂದು ಲಗ್ನಪತ್ರಿಕೆ. ಅದರ ಕತೆ ಹೇಳಬೇಕೆಂದರೆ ನಾನು ರಾಮನಗರಕ್ಕೆ ಬಂದದ್ದರಿಂದ ಶುರು ಮಾಡಬೇಕು. ನಾನು ರಾಮನಗರಕ್ಕೆ ಬಂದದ್ದನ್ನು ಹೇಳಬೇಕೆಂದರೆ ಅವರೆಕಾಯಿಯಿಂದ ಶುರು ಮಾಡಬೇಕು.

ಧಾರವಾಡದಲ್ಲಿ ಅವರೆಕಾಯಿ ಸಿಗುವುದಿಲ್ಲವೆಂದಲ್ಲ. ಕಾಯಿ ಸಿಗುತ್ತದೆ, ಸೊಗಡು ಸಿಗುವುದಿಲ್ಲ. ನಮ್ಮ ಮಾಗಡಿ ಕಡೆಯ ಅವರೆಯನ್ನು ಸುಲಿದರೆ ಆ ದಿನವೆಲ್ಲ ಕೈಯಲ್ಲಿ ಅದರ ವಾಸನೆ ಇರಬೇಕು, ಮಾರನೆಯ ದಿನ ಆಫೀಸಿನಲ್ಲಿ ಪಕ್ಕದವರು ಮೂಗು ಅರಳಿಸಿ ನೋಡಬೇಕು. ಡಿಸೆಂಬರ್ ಬಂತೆಂದರೆ ನನಗೆ ಇದರ ನೆನಪು ಶುರುವಾಗುತ್ತದೆ. ಈ ಸಲ ಹೋಗಲೇಬೇಕು ಎಂದುಕೊಳ್ಳುತ್ತೇನೆ. ಹೋಗುವುದಿಲ್ಲ. ಹೀಗೆ ಆರು ವರ್ಷ ಆಯಿತು. ಈ ವರ್ಷ, ಬಳಸದಿದ್ದರೆ ರದ್ದಾಗುವ ರಜೆಗಳನ್ನೆಲ್ಲ ಒಟ್ಟು ಹಾಕಿ, ಕಾಲೇಜಿನ ಗ್ರಂಥಾಲಯದ ಬೀಗದ ಕೈಯನ್ನು ನನ್ನ ಸಹಾಯಕಿಗೆ ಕೊಟ್ಟು, ರೈಲು ಹತ್ತಿಯೇಬಿಟ್ಟೆ. ಸರೋಜ ಬರಲಿಲ್ಲ. ಅವಳ ತವರು ಮಾಗಡಿಯ ತಿಪ್ಪಸಂದ್ರ. ಅಲ್ಲಿಂದ ಅವಳ ತಮ್ಮ ಪ್ರತಿವರ್ಷ ಮೂಟೆ ಕಟ್ಟಿ ಅವರೆಕಾಯಿ ಕಳಿಸುವುದರಿಂದ ಅವಳಿಗೆ ಅಂಥ ಹಪಾಹಪಿಯೇನೂ ಇಲ್ಲ.

ರಾಮನಗರದಲ್ಲಿ ನಮ್ಮ ಗೌರಕ್ಕನ ಮನೆ ಇರುವುದು ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಗೂಡು ಬೇಯಿಸುವ ವಾಸನೆ ಬಂದರೆ ಹೊರಗಿನವರು ಕರವಸ್ತ್ರ ಹುಡುಕುತ್ತಾರೆ. ನಾನು ಮಾತ್ರ ಆಟೋದಲ್ಲಿ ತಲೆ ಹೊರಗೆ ಹಾಕಿ ಎದೆ ತುಂಬ ಎಳೆದುಕೊಂಡೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ವಾಂತಿ ಬತ್ತಾ ಐತಾ ಸಾರ್, ನಿಲ್ಲಿಸ್ಲಾ?" ಎಂದು ಕೇಳಿದ. ಇಲ್ಲಪ್ಪ, ಇದು ನನ್ನ ಊರು ಎಂದೆ. ಅವನಿಗೆ ಎರಡಕ್ಕೂ ಸಂಬಂಧ ತಿಳಿಯಲಿಲ್ಲ.

ಊರು ಬದಲಾಗಿದೆ ಎಂದು ಹೇಳುವುದು ವಾಡಿಕೆ. ನಾನು ಹೇಳುವುದಿಲ್ಲ. ಬಂಡೆಗಳು ಇದ್ದಲ್ಲೇ ಇವೆ. ಬೆಳಗಿನ ಮಂಜಿನಲ್ಲಿ ಬೆಟ್ಟದ ಬುಡ ಮಾಯವಾಗಿ ತುದಿಯಷ್ಟೇ ಕಾಣುವುದೂ ಹಾಗೇ ಇದೆ. ಅಕ್ಕನೂ ಹಾಗೇ ಇದ್ದಾಳೆ. ಬ್ಯಾಗು ಕೆಳಗಿಡುವ ಮೊದಲೇ ಮೊರದ ತುಂಬ ನೆನೆಸಿದ ಅವರೆಕಾಳು ತಂದು ಎದುರಿಗಿಟ್ಟಳು. "ಹಿತುಕು. ಹಿತುಕ್ದೆ ಉಣ್ಣೋಕೆ ಬಂದವ್ರಿಗೆ ನಮ್ಮನೇಲಿ ಊಟ ಇಲ್ಲ" ಎಂದಳು. ನಾನು ಐವತ್ತೆಂಟು ವರ್ಷದ ಗ್ರಂಥಪಾಲಕ. ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸುತ್ತ ಕೂತೆ. ಮೂರನೆಯ ಬೇಳೆ ಅಕ್ಕನ ಕನ್ನಡಕಕ್ಕೆ ಬಿತ್ತು. ಆ ಕೂಡಲೇ ರಜೆ ಶುರುವಾಯಿತು ಅನ್ನಿಸಿತು.

ನನಗೆ ಈ ಕಡೆ ಇಬ್ಬರು ಗೆಳೆಯರು. ಒಬ್ಬ ಬುಗುರಿ, ಇನ್ನೊಬ್ಬ ಗಿಣ್ಣು. ಇವು ಅವರ ತಂದೆತಾಯಿ ಇಟ್ಟ ಹೆಸರುಗಳಲ್ಲ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಹೈಸ್ಕೂಲಿನ ತರಗತಿಯಲ್ಲಿ ನಾಲ್ವರು ಶಿವಲಿಂಗಯ್ಯಂದಿರು, ಮೂವರು ಸಿದ್ದಯ್ಯಂದಿರು, ಇಬ್ಬರು ಪುಟ್ಟಸ್ವಾಮಿಗಳಿದ್ದರು. ಮೇಷ್ಟರು ಹಾಜರಿ ಕೂಗುವಾಗ "ಶಿವಲಿಂಗಯ್ಯ" ಎಂದರೆ ನಾಲ್ಕು ಬೆಂಚಿನಿಂದ "ಎಸ್ ಸಾರ್" ಬರುತ್ತಿತ್ತು. ಬೇಸತ್ತ ಮೇಷ್ಟರು ಅವರಿಗೆ ಒಂದು, ಎರಡು, ಮೂರು, ನಾಲ್ಕು ಎಂದು ನಂಬರು ಕೊಟ್ಟರು. ನಾವು ಹುಡುಗರು ಅದಕ್ಕಿಂತ ಅನುಕೂಲವಾದ ದಾರಿ ಕಂಡುಕೊಂಡೆವು, ತರಗತಿಯ ಎಲ್ಲರಿಗೂ ಅಡ್ಡಹೆಸರು. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವವರ ಮಗ ಚಡ್ಡಿಯ ಜೇಬಿನಲ್ಲಿ ಯಾವಾಗಲೂ ಅರಗು ಹಚ್ಚಿದ ಬುಗುರಿ ಇಟ್ಟುಕೊಂಡು ರೈಲಿನಲ್ಲಿ ಬರುತ್ತಿದ್ದ, ಅವನು ಬುಗುರಿಯಾದ. ಕೈಲಾಂಚದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವನು ಮನೆಯಲ್ಲಿ ಹಸು ಈದಾಗಲೆಲ್ಲ ತಗಡಿನ ಡಬ್ಬಿಯೊಂದರಲ್ಲಿ ಗಿಣ್ಣು ತರುತ್ತಿದ್ದ. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಆ ಗಿಣ್ಣನ್ನು ಗಣಿತದ ಸ್ಕೇಲಿನಿಂದ ಚೌಕಚೌಕವಾಗಿ ಕೊಯ್ದು ಹಂಚುತ್ತಿದ್ದ. ಗಣಿತದಲ್ಲಿ ನಮಗೆ ನಿಜವಾಗಿ ಅರ್ಥವಾದದ್ದು ಅದೊಂದೇ.

ನನ್ನ ಹೆಸರು? ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ. ನನ್ನ ಹೆಸರು ಆಮ್ಯಾಕೆ. ನೀವು ಪುಸ್ತಕದ ಭಾಷೆಯಲ್ಲಿ ಆಮೇಲೆ ಎನ್ನುವುದನ್ನು ನಮ್ಮ ಕಡೆ ಆಮ್ಯಾಕೆ ಎನ್ನುತ್ತೇವೆ. ಅರ್ಕಾವತಿಯಲ್ಲಿ ಈಜೋಕೆ ಬತ್ತೀಯಾ ಎಂದರೆ ಆಮ್ಯಾಕೆ ಎನ್ನುತ್ತಿದ್ದೆ. ಹೋಂವರ್ಕ್ ಮಾಡಿದ್ಯಾ ಎಂದರೂ ಆಮ್ಯಾಕೆ. ಒಮ್ಮೆ ಇಡೀ ತರಗತಿ ಬೆಟ್ಟ ಹತ್ತಿದಾಗ ನಾನು ಆಮ್ಯಾಕೆ ಬತ್ತೀನಿ ಎಂದು ಕೆಳಗೆ ಕಡಲೆಕಾಯಿ ತಿನ್ನುತ್ತ ಕೂತಿದ್ದು, ಹತ್ತಲು ಶುರು ಮಾಡುವ ಹೊತ್ತಿಗೆ ಅವರೆಲ್ಲ ಇಳಿದು ಬರುತ್ತಿದ್ದರು. ಆ ದಿನದಿಂದ ಈ ಹೆಸರು ಅಂಟಿತು. ಈಜು ಇವತ್ತಿಗೂ ಬರುವುದಿಲ್ಲ.

ಈಗ ಒಂದು ಗುಟ್ಟು. ಧಾರವಾಡದಲ್ಲಿ ನನ್ನನ್ನು ಎಲ್ಲರೂ ಸರ್ ಎನ್ನುತ್ತಾರೆ. ಹಾಲಿನವನಿಗೆ ನಾನು ಸಾಹೇಬರು, ಬೀದಿಯ ಮಕ್ಕಳಿಗೆ ಅಜ್ಜ. ನನ್ನನ್ನು 'ಲೇ' ಎಂದು ಕರೆಯುವವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದಾರೆ. ಅವರೆಕಾಯಿಯೆಲ್ಲ ನೆಪ. ನಾನು ಮುನ್ನೂರು ಮೈಲಿ ಬಂದದ್ದು ಆ ಇಬ್ಬರ ಬಾಯಲ್ಲಿ ಲೇ ಅನ್ನಿಸಿಕೊಳ್ಳಲಿಕ್ಕೆ.

ಒಂದು ಲೇ ಮಾರನೆಯ ದಿನವೇ ಸಿಕ್ಕಿತು. ಬುಗುರಿ ಈಗ ಚನ್ನಪಟ್ಟಣದಲ್ಲಿ ಸಣ್ಣ ಗೊಂಬೆ ಅಂಗಡಿ ಇಟ್ಟಿದ್ದಾನೆ. ತಲೆಗೂದಲು ಹೋಗಿ, ಅವನೇ ಅರಗು ಹಚ್ಚಿದ ಗೊಂಬೆಯಾಗಿದ್ದಾನೆ. ರಾಮನಗರ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತೆವು. ಅರ್ಧ ಇಡ್ಲಿ ಮುಗಿಯುವವರೆಗೆ ಸಕ್ಕರೆ ಕಾಯಿಲೆ, ಮಂಡಿ ನೋವುಗಳ ಲೆಕ್ಕ ಒಪ್ಪಿಸಿದೆವು. ಆಮೇಲೆ ಅವನು ಚಟ್ನಿ ಅದ್ದುತ್ತ ಕೇಳಿದ:

"ಲೇ ಆಮ್ಯಾಕೆ, ಗಿಣ್ಣು ಮಗನ್ ಮದ್ವೆಗೆ ಯಾಕ್ಲಾ ಬರ್ಲಿಲ್ಲ? ಅವ್ನು ಬಾಳ ನೊಂದ್ಕಂಡವ್ನೆ ಕಣ್ಲಾ."

"ಮದ್ವೆನಾ? ಯಾವಾಗ್ಲಾ ಆಯ್ತು? ನನ್ನ ಕರ್ದೇ ಇಲ್ವಲ್ಲೋ!"

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಒಳಗೊಳಗೇ ಖುಷಿಯಾಯಿತು. ಜೀವನದಲ್ಲಿ ಒಮ್ಮೆಯಾದರೂ ತಪ್ಪು ಇನ್ನೊಬ್ಬರದಾಗಿತ್ತು. ಮುನಿಸಿಕೊಳ್ಳಲು ಸಿದ್ಧನಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಸುಳ್ಳೇಳ್ಬೇಡ. ಧಾರವಾಡುದ್ ಅಡ್ರೆಸ್ಸಿಗೆ ಕಾರ್ಡ್ ಆಕವ್ನೆ. ನಾನೇ ಪೋಸ್ಟ್ ಮಾಡಿವ್ನಿ. ಕೆಂಪು ಕಾರ್ಡು, ಗಣೇಶ ಇತ್ತು, ದಪ್ಪಕ್ಕಿತ್ತು."

ದಪ್ಪಕ್ಕಿತ್ತು ಎಂದಾಗ ನನ್ನ ಕೈಯ ಇಡ್ಲಿ ತಟ್ಟೆಗೆ ಬಿತ್ತು. ಸರೋಜಳಿಗೆ ಫೋನ್ ಮಾಡಿ, ಮೇಜಿನ ಕಾಲಡಿ ಇರುವುದನ್ನು ತೆಗೆದು ಫೋಟೋ ಕಳಿಸು ಎಂದೆ. ಬಂತು. ಕಾಲು ಒತ್ತಿ ಗಣೇಶನ ಸೊಂಡಿಲಿನ ಮೇಲೆ ದುಂಡಗೆ ಗುಳಿ ಬಿದ್ದಿತ್ತು. ಒಳಗೆ ದೊಡ್ಡ ಅಕ್ಷರದಲ್ಲಿ, 'ಶ್ರೀಮತಿ ಶಿವಮ್ಮ ಮತ್ತು ಶ್ರೀ ಕೆ. ಎಸ್. ಶಿವಲಿಂಗಯ್ಯ ಇವರು ಮಾಡುವ ವಿಜ್ಞಾಪನೆಗಳು.'

"ಗಿಣ್ಣು ಹೆಸ್ರು ಶಿವಲಿಂಗಯ್ಯನಾ?" ಎಂದೆ.

"ನಾಲ್ಕು ಜನದಲ್ಲಿ ಎರಡ್ನೇ ನಂಬರು. ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ಮರೆತಿತ್ತು. ಏಳು ತಿಂಗಳ ಹಿಂದೆ ಕಾರ್ಡು ಬಂದ ದಿನ, ಆಮೇಲೆ ನೋಡೋಣ ಎಂದು ಫ್ರಿಜ್ಜಿನ ಮೇಲಿಟ್ಟಿದ್ದೆ. ವಾರವಾದ ಮೇಲೆ ತೆರೆದು ಹೆಸರು ಓದಿ, ಸರೋಜಳ ಕಡೆಯವರಿರಬೇಕು ಎಂದುಕೊಂಡೆ. ತಿಪ್ಪಸಂದ್ರದಲ್ಲಿ ಅವಳಿಗೆ ಶಿವಲಿಂಗಯ್ಯ ಎಂಬ ಹೆಸರಿನ ಚಿಕ್ಕಪ್ಪಂದಿರೇ ಇಬ್ಬರಿದ್ದಾರೆ. ಅವಳು ಕವರಿನ ಮೇಲೆ ನನ್ನ ಹೆಸರು ನೋಡಿ, ನನ್ನ ಕಡೆಯವರು ಎಂದುಕೊಂಡಳು. ಹೀಗೆ ಯಾರ ಕಡೆಯವರೂ ಅಲ್ಲದ ಶಿವಲಿಂಗಯ್ಯ ಮೇಜಿನ ಕಾಲಡಿ ಸೇರಿದ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಕೈಲಾಂಚ ಹೋಬಳಿ' ಎಂದೂ ಇತ್ತು. ಸಣ್ಣ ಅಕ್ಷರವನ್ನು ನಾನು ಯಾವಾಗಲೂ ಆಮೇಲೆ ಓದುವವನು. ನನ್ನ ಗ್ರಂಥಾಲಯದಲ್ಲಿರುವ ಸಾವಿರಾರು ಪುಸ್ತಕ ಬರೆದವರ ಹೆಸರನ್ನು ಇನಿಷಿಯಲ್ ಸಮೇತ ನಿದ್ದೆಯಲ್ಲೂ ಹೇಳಬಲ್ಲೆ. ಗಿಣ್ಣು ತಿನ್ನಿಸಿದವನ ಹೆಸರು ಗೊತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ನಡಿ, ಈಗ್ಲೇ ಕೈಲಾಂಚಕ್ಕೆ ಹೋಗಿ ಬರಣ" ಎಂದು ಬುಗುರಿ ಎದ್ದ. ನನ್ನ ಬಾಯಿ ತಾನಾಗಿ 'ಆ' ಎಂದು ತೆರೆದುಕೊಂಡಿತು. ಅವನು ದುರುಗುಟ್ಟಿ ನೋಡಿದ. ನಾನು ಬಾಯಿ ಮುಚ್ಚಿಕೊಂಡು ಅವನ ಸ್ಕೂಟರಿನ ಹಿಂದೆ ಕೂತೆ.

ದಾರಿಯುದ್ದಕ್ಕೂ ಬುಗುರಿ ನನಗೆ ಸುಳ್ಳು ಕಲಿಸಿದ. ಚಳಿಗಾಳಿಗೆ ಅವನ ಮಾತು ಅರ್ಧರ್ಧ ಹಿಂದಕ್ಕೆ ಹಾರಿ ಬರುತ್ತಿತ್ತು.

"ಹುಸಾರಿರ್ಲಿಲ್ಲ ಅನ್ನು. ಬಿಪಿ ಏರ್ಬುಟ್ಟಿತ್ತು ಅನ್ನು."

"ಏಳು ತಿಂಗ್ಳು ಏರೇ ಇತ್ತಾ?"

"ಅಂಗಾರೆ ಅತ್ತೆ ತೀರ್ಕಂಡ್ರು ಅನ್ನು."

ನನ್ನ ಅತ್ತೆ ತಿಪ್ಪಸಂದ್ರದಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಪಾಪ, ರಜೆ ಅರ್ಜಿಗಳಲ್ಲಿ ಆಗಲೇ ಎರಡು ಸಲ ತೀರಿಕೊಂಡಿದ್ದಾರೆ. ಮೂರನೆಯ ಸಲ ಅವರನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಇದ್ದಕ್ಕಿದ್ದಂತೆ ನನಗೆ ಇನ್ನೊಂದು ಭಯ ಹುಟ್ಟಿತು.

"ಲೋ ಬುಗುರಿ, ನಿನ್ನ ಹೆಸ್ರೇನೋ?"

"ಯಾಕ್ಲಾ, ಕೇಸ್ ಆಕ್ತೀಯಾ? ವೆಂಕಟೇಶ ಕಣ್ಲಾ."

ವೆಂಕಟೇಶ, ವೆಂಕಟೇಶ ಎಂದು ಹಿಪ್ಪುನೇರಳೆ ತೋಟಗಳು ಮುಗಿಯುವವರೆಗೂ ಬಾಯಿಪಾಠ ಮಾಡಿದೆ.

ಗಿಣ್ಣು ಕೊಟ್ಟಿಗೆಯ ಮುಂದೆ ನಿಂತು ತುಂಬು ಗಬ್ಬದ ಹಸುವೊಂದಕ್ಕೆ ಬೂಸಾ ಕಲಸುತ್ತಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಸ್ಕೂಟರಿನ ಸದ್ದಿಗೆ ತಲೆಯೆತ್ತಿ ನನ್ನನ್ನು ನೋಡಿದ. ನೋಡಿ, ಮತ್ತೆ ಬಕೆಟ್ಟಿಗೆ ಬಗ್ಗಿ ಕಲಸುವುದನ್ನು ಮುಗಿಸಿದ. ಕೈ ತೊಳೆದುಕೊಂಡ. ಹೆಗಲ ಟವೆಲಿನಲ್ಲಿ ಒರೆಸಿಕೊಂಡ. ಆಮೇಲೆ ಹೇಳಿದ:

"ಬನ್ನಿ ಸಾರ್. ಕೂತ್ಕಳಿ."

ಬನ್ನಿ! ಸಾರ್! ಅವನು ಆ ಬೂಸಾ ಬಕೆಟ್ಟನ್ನು ನನ್ನ ತಲೆಯ ಮೇಲೆ ಸುರಿದಿದ್ದರೆ ನಗುತ್ತಿದ್ದೆ. ಕಪಾಳಕ್ಕೆ ಬಾರಿಸಿದ್ದರೆ ಅಪ್ಪಿಕೊಳ್ಳುತ್ತಿದ್ದೆ. ಬನ್ನಿ ಎಂದದ್ದಕ್ಕೆ ಏನು ಮಾಡುವುದೆಂದು ತಿಳಿಯಲಿಲ್ಲ. ನಮ್ಮ ಕಡೆ ಗೆಳೆಯನಿಗೆ ಬಹುವಚನ ಕೊಟ್ಟರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಜಗಲಿಯ ತುದಿಯಲ್ಲಿ ಕೂತೆ. ಅವನ ಹೆಂಡತಿ ಶಿವಮ್ಮ ಹೊರಗೆ ಬಂದು, "ಓ, ಅಣ್ಣ ಬಂದವ್ರೆ, ಚೆನ್ನಾಗಿದೀರಾ ಅಣ್ಣ?" ಎಂದು ನೀರು ಕೊಟ್ಟರು. ಬುಗುರಿ ನನ್ನ ಪಕ್ಕೆಗೆ ತಿವಿಯುತ್ತಿದ್ದ. ಬಿಪಿ, ಬಿಪಿ ಎಂದು ಅವನ ತುಟಿ ಆಡುತ್ತಿತ್ತು.

"ಮದ್ವೆಗೆ ಬರಕಾಗ್ಲಿಲ್ಲ..." ಎಂದು ಶುರು ಮಾಡಿದೆ.

"ಇರ್ಲಿ ಬುಡಿ ಸಾರ್. ದೊಡ್ಡವ್ರಿಗೆ ಸಾವ್ರ ಕೆಲ್ಸ ಇರ್ತವೆ. ಬರಲ್ಲ ಅಂತ ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು. ನಂಬರ್ ಕಾರ್ಡಲ್ಲೇ ಇತ್ತು."

ಬಿಪಿ ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದೆ, ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಫ್ರಿಜ್ಜು, ಸರೋಜಳ ಚಿಕ್ಕಪ್ಪಂದಿರು, ಮೇಜಿನ ಕಾಲು, ಗಣೇಶನ ಸೊಂಡಿಲು, ಎಲ್ಲ. "ನಿನ್ನ ಹೆಸ್ರು ನಂಗೆ ಗೊತ್ತಿರ್ಲಿಲ್ಲ ಕಣೋ. ಗಿಣ್ಣು ಅಂತ ಹಾಕಿದ್ರೆ ಓಡಿ ಬರ್ತಿದ್ದೆ" ಎಂದೆ. ಬುಗುರಿ ಹಣೆ ಹಣೆ ಚಚ್ಚಿಕೊಂಡ. ಒಳಗಿನಿಂದ ಶಿವಮ್ಮ ಕಿಸಕ್ಕನೆ ನಕ್ಕ ಸದ್ದು ಕೇಳಿತು. ಗಿಣ್ಣು ನಗಲಿಲ್ಲ.

"ನಂಗೂ ನಿಮ್ಮೆಸ್ರು ಗೊತ್ತಿರ್ಲಿಲ್ಲ" ಎಂದ.

"ಮತ್ತೆ ಕವರ್ ಮೇಲೆ ಹೆಚ್. ಮಹದೇವಯ್ಯ ಅಂತ ಸರಿಯಾಗೇ ಇತ್ತಲ್ಲ?"

"ಗೌರಕ್ಕನ ಮನೆಗೆ ಹೋಗಿ ಕೇಳ್ಕಂಡ್ ಬಂದೆ. ಅಕ್ಕ, ನಮ್ಮ ಆಮ್ಯಾಕೆ ಹೆಸ್ರೇನಕ್ಕ, ಕಾರ್ಡ್ ಬರೀಬೇಕು ಅಂದೆ. ಅಕ್ಕ ನಕ್ಕಂಡು, ಪೇಪರಲ್ಲಿ ಬರ್ದು ಕೊಟ್ರು."

ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ, ಅಲ್ಲಿಯವರೆಗೆ ನಾವು ಸಮ. ಅವನು ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬಂದ. ನಾನು ಕೂತಲ್ಲಿಂದ ಒಂದು ಫೋನ್ ಮಾಡಿ, ಅಕ್ಕ, ಈ ಶಿವಲಿಂಗಯ್ಯ ಯಾರು ಎಂದು ಕೇಳಲಿಲ್ಲ. ನನಗೆ ನಿಜವಾಗಿಯೂ ಅಳು ಬಂತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂಬಂತೆ ಕನ್ನಡಕ ತೆಗೆದು ಒರೆಸಿದೆ. ಅಲ್ಲಿ ಬಿಸಿಲೇನೂ ಇರಲಿಲ್ಲ.

ಶಿವಮ್ಮ ಕಾಫಿಯ ಜೊತೆಗೆ ಮದುವೆಯ ಆಲ್ಬಂ ತಂದರು. "ಇದೊಂದ್ ಫೋಟೋ ನೋಡಿ ಅಣ್ಣ" ಎಂದು ಒಂದು ಪುಟ ತೆಗೆದರು.

"ಅದ್ಯಾಕೆ ತೋರಿಸ್ತೀಯಾ, ಒಳಿಕಿಡು" ಎಂದು ಗಿಣ್ಣು ಗದರಿದ.

"ನಾನು ತೋರಿಸೋಳೇ" ಎಂದು ಅವರು ಆಲ್ಬಮ್ಮನ್ನು ನನ್ನ ತೊಡೆಯ ಮೇಲಿಟ್ಟರು. ಕನಕಪುರದ ಛತ್ರ. ಹುಡುಗಿ ದೊಡ್ಡಆಲಹಳ್ಳಿಯವಳು, ಲಕ್ಷಣವಾಗಿದ್ದಾಳೆ. ವಧೂವರರ ಬಲಕ್ಕೆ ಪೇಟ ಸುತ್ತಿದ ಗಿಣ್ಣು ನಿಂತಿದ್ದಾನೆ. ಅವನಿಂದ ಸರಿಯಾಗಿ ಒಬ್ಬ ಮನುಷ್ಯನ ಅಗಲ ಬಿಟ್ಟು ಬುಗುರಿ ನಿಂತಿದ್ದಾನೆ. ನಡುವೆ ಯಾರೂ ಇಲ್ಲ. ಖಾಲಿ ಜಾಗದ ಹಿಂದೆ ಹೂವಿನ ಪರದೆಯಷ್ಟೇ ಕಾಣುತ್ತಿದೆ.

"ಫೋಟೋದವ್ನು ಒತ್ಕಳಿ, ಒತ್ಕಳಿ ಅಂತ ಬಡ್ಕಂಡ" ಎಂದರು ಶಿವಮ್ಮ. "ಇವ್ರು, ತಡಿಯಪ್ಪ, ಅಲ್ಲಿಗೆ ಆಮ್ಯಾಕೆ ಬತ್ತಾನೆ ಅಂದ್ರು. ಅವ್ನು ಆಮೇಲೆ ಯಾರೋ ಬತ್ತಾರೆ ಅನ್ಕಂಡು ಕ್ಯಾಮೆರಾ ಇಳಿಸ್ಕಂಡು ನಿಂತ್ಬುಟ್ಟ. ಇಂದೆ ಜನ ಸಾಲುಗಟ್ಟವ್ರೆ, ಬೀಗರು ಏನಂತ ಕೇಳ್ತಾವ್ರೆ. ಇವ್ರು ಬಾಗ್ಲು ಕಡೀಕೇ ನೋಡ್ತಾ ನಿಂತವ್ರೆ. ಕೊನೀಗೆ ಅಂಗೇ ತೆಗುಸ್ಬುಟ್ರು."

ನಾನು ಬುಗುರಿಯ ಮುಖ ನೋಡಿದೆ. ಇದನ್ನು ನೀನು ದಾರಿಯಲ್ಲಿ ಹೇಳಲಿಲ್ಲವಲ್ಲೋ ಎಂದು ಕೇಳಬೇಕೆನ್ನಿಸಿತು. ಅವನು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡುತ್ತಿದ್ದ. ಗಿಣ್ಣು ಎದ್ದು ಹಸುವಿನ ಹತ್ತಿರ ಹೋಗಿ ಅದರ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತ ನಿಂತ. ನಾನೂ ಎದ್ದು ಹೋಗಿ ಪಕ್ಕದಲ್ಲಿ ನಿಂತೆ. "ಯಾವಾಗ ಈಯುತ್ತೆ?" ಎಂದು ಕೇಳಿದೆ.

"ಇವತ್ತೋ ನಾಳೇನೋ" ಎಂದ ನನ್ನ ಕಡೆ ನೋಡದೆ.

"ಇದ್ದು ಗಿಣ್ಣು ತಿನ್ಕಂಡ್ ಹೋಗಿ ಅಣ್ಣ" ಎಂದರು ಶಿವಮ್ಮ ಜಗಲಿಯಿಂದ.

ನನ್ನ ರೈಲು ಮಾರನೆಯ ಸಂಜೆಗೆ ಇತ್ತು. ರಜೆ ಇನ್ನೂ ಒಂದು ವಾರ ಉಳಿದಿದ್ದರೂ ಅವರೆಕಾಯಿ ತಿಂದು ಬೇಗ ಬರುತ್ತೇನೆಂದು ಸರೋಜಳಿಗೆ ಹೇಳಿ ಟಿಕೆಟ್ ಮಾಡಿಸಿದ್ದೆ. ಐವತ್ತೆಂಟು ವರ್ಷದ ಅಭ್ಯಾಸ, ನಾಲಿಗೆ ನನ್ನನ್ನು ಒಂದು ಮಾತು ಕೇಳಲಿಲ್ಲ.

"ನಾಳೆ ರೈಲು ಐತಮ್ಮ. ಆಮ್ಯಾಕೆ ಯಾವಾಗ್ಲಾದ್ರೂ ಬಂದು..."

"ಲೇ!"

ಹಸು ಬೆಚ್ಚಿ ತಲೆ ಎತ್ತಿತು. ಗಿಣ್ಣು ನನ್ನ ಕಡೆ ತಿರುಗಿದ್ದ. ಬಿಳಿ ಮೀಸೆ ಅದುರುತ್ತಿತ್ತು.

"ಲೇ ಆಮ್ಯಾಕೆ! ಬೋ ಮಗ್ನೆ, ಗಿಣ್ಣು ಏನ್ಲಾ ಆಮ್ಯಾಕೆ ಸಿಗ್ತದಾ? ಎರಡು ದಿನ ಬುಟ್ರೆ ಅದು ಬರೀ ಹಾಲು ಕಣ್ಲಾ! ಮದ್ವೆಗಂತೂ ಬರ್ಲಿಲ್ಲ, ಈಗ ಬಂದು ಕಾಫಿ ಕುಡ್ದು ಎದ್ದೋಯ್ತೀಯಾ? ಎತ್ತಾಕ್ಲಾ ಆ ರೈಲ್ನ!"

ಅವನು ಇನ್ನೂ ಏನೇನೋ ಬೈದ. ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ನನಗೆ ಒಂದೊಂದೂ ಜೇನು ಸುರಿದಂತೆ ಇತ್ತು. ನಾನು ಕಣ್ಣೀರು ಸುರಿಸುತ್ತ ನಗುತ್ತಿದ್ದೆ, ಅವನು ಬೈಯುತ್ತ ಬೈಯುತ್ತಲೇ ನನ್ನ ಹೆಗಲ ಮೇಲೆ ಕೈ ಹಾಕಿದ. ಕೈಗೆ ಬೂಸಾದ ವಾಸನೆ ಇತ್ತು. ಅಲ್ಲೇ ನಿಂತು ಟಿಕೆಟ್ ರದ್ದು ಮಾಡಿದೆ. ರದ್ದು ಮಾಡುವುದು ಹೇಗೆಂದು ನನಗೆ ಬರುವುದಿಲ್ಲವಾದ್ದರಿಂದ ವೆಂಕಟೇಶ ಮಾಡಿಕೊಟ್ಟ.

ಇದಾಗಿ ನಾಲ್ಕು ದಿನವಾಯಿತು. ಇವತ್ತೋ ನಾಳೆಯೋ ಎಂದಿದ್ದ ಹಸು ಇನ್ನೂ ಈದಿಲ್ಲ. ಅದರ ಕಣ್ಣ ಮುಂದೆ ನೀನು ಸುಳಿಯಬೇಡ, ನಿನ್ನ ಬುದ್ಧಿ ಅದಕ್ಕೂ ಬರುತ್ತದೆ ಎಂದು ಶಿವಲಿಂಗಯ್ಯ ನನ್ನನ್ನು ಕೊಟ್ಟಿಗೆಗೆ ಬಿಡುತ್ತಿಲ್ಲ. ಹಾಗಾಗಿ ಜಗಲಿಯ ಮೇಲೆ ಶಾಲು ಹೊದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಸರೋಜ ಫೋನ್ ಮಾಡಿದ್ದಳು. ಮೇಜು ಬಹಳ ಅಲ್ಲಾಡುತ್ತಿದೆ, ಇವತ್ತು ಸಾರು ಚೆಲ್ಲಿಯೇ ಹೋಯಿತು, ಯಾವಾಗ ಬರುತ್ತೀರಿ ಎಂದು ಕೇಳಿದಳು.

ಆಮ್ಯಾಕೆ ಎಂದೆ.